ಕೈಗನ್ನಡಿಯೊಳಗಿನ ಮಾಳಿಗೆ

ಸ್ವಿಟ್ಜರ್ಲೆಂಡಿನ ತ್ಸಿಲ್ಲಿಸ್ ಅನ್ನೋ ಹಳ್ಳಿಯ ಸೇಂಟ್ ಮಾರ್ಟಿನ್ ಚರ್ಚಿನ ಚಿತ್ರ ಬರೆದ ಮರದ ಮಾಳಿಗೆಗೆ, ಅಂದರೆ ಒಳಚಾವಣಿಗೆ, ನಾನು ಕೊಡುವುದು ಐದಕ್ಕೆ ನಾಲ್ಕೂವರೆ. ಅರ್ಧ ಕಳೆದದ್ದು ಅದನ್ನು ನೋಡಲು ಅಲ್ಲಿ ಕೊಡುವ ಕನ್ನಡಿಗಾಗಿ. ಉಳಿದ ನಾಲ್ಕೂವರೆ ಕೊಟ್ಟದ್ದರಲ್ಲೂ ಆ ಕನ್ನಡಿಯ ಪಾಲು ದೊಡ್ಡದು.

ನಾನು ಕೊಪ್ಪಳ ಹತ್ತಿರದ ಕಿನ್ನಾಳದವನು, ಮರದ ಗೊಂಬೆಗೆ, ದೇವರ ವಾಹನಕ್ಕೆ ಬಣ್ಣ ಹಾಕುವ ಕಸುಬು. ಜೂರಿಕ್‌ನಲ್ಲಿರುವ ಮಗ ಏಪ್ರಿಲ್‌ನಲ್ಲಿ ಕರೆಸಿಕೊಂಡು ಹಿಮದ ಗುಡ್ಡಗಳ ಪಟ್ಟಿ ಹಿಡಿದು ಕೂತಿದ್ದ. "ಬಣ್ಣಾ ಬಳದ ಕಟ್ಟಿಗಿ ಎಲ್ಲಿ ಐತಿ ಅದನ್ನ ತೋರ್ಸಪಾ" ಅಂದೆ. ಟೂಸಿಸ್‌ವರೆಗೆ ರೈಲು, ಮುಂದೆ ಹಳದಿ ಬಸ್ಸು.

ಆಲ್ಪ್ಸ್ ಕಣಿವೆ ದಾಟುವ ಹಳೇ ದಾರಿಯ ಊರು ಅದು. ಹೊರಗೋಡೆಯ ಮೇಲೆ ದಾರಿಹೋಕರನ್ನು ಕಾಯುವ ಸಂತ ಕ್ರಿಸ್ಟೋಫರ್‌ನ ದೊಡ್ಡ ಚಿತ್ರವಿದೆ. ನಮ್ಮ ಊರಬಾಗಿಲ ಹನುಮಪ್ಪ ನೆನಪಾದ. ಒಳಗೆ ಗೋಡೆ ಬೋಳು, ಚಳಿ ಬೇರೆ. ಕೈಗೊಂದು ಕನ್ನಡಿ ಕೊಟ್ಟರು. ಅದನ್ನು ಹೊಟ್ಟೆಯ ಮಟ್ಟಕ್ಕೆ ಹಿಡಿದು ತಲೆ ಬಗ್ಗಿಸಿದರೆ ಸಾಕು, ಮಾಳಿಗೆಯೆಲ್ಲ ಅಂಗೈಗೆ ಇಳಿಯುತ್ತದೆ. ಹಂಪಿ ವಿರೂಪಾಕ್ಷನ ರಂಗಮಂಟಪದ ಚಿತ್ರ ನೋಡಿ ಎರಡು ದಿನ ಕುತ್ತಿಗೆಗೆ ಎಣ್ಣೆ ತಿಕ್ಕಿಕೊಂಡವನಿಗೆ ಇದರ ಬೆಲೆ ಗೊತ್ತು.

ಮೇಲೆ 153 ಹಲಗೆ: ಅಡ್ಡ 9, ಉದ್ದ 17. ಒಂದೊಂದೂ ಸುಮಾರು ಎರಡು ಮೊಳದ ಚೌಕ. ಬರೆದದ್ದು 12ನೇ ಶತಮಾನದಲ್ಲಿ. ನಡುವಿನ 105ರಲ್ಲಿ 98 ಏಸುವಿನ ಕಥೆ, ಕೊನೆಯ 7 ಮಾರ್ಟಿನ್‌ನದು. ತನ್ನ ನಿಲುವಂಗಿಯನ್ನು ಕತ್ತಿಯಿಂದ ಸೀಳಿ ಭಿಕ್ಷುಕನಿಗೆ ಅರ್ಧ ಕೊಟ್ಟವನು. ಶಿಲುಬೆ ಎಲ್ಲೆಂದು ಹುಡುಕಿದೆ. ಇಲ್ಲ! ಮುಳ್ಳಿನ ಕಿರೀಟ ಇಡುವಲ್ಲಿಗೇ ಏಸುವಿನ ಕಥೆ ನಿಂತಿದೆ. ಗೆರೆಗಳು ಕಪ್ಪಗೆ, ದಪ್ಪಗೆ. ಕೆಳಗೆ ನಿಂತವನಿಗೆ ಕಾಣಲೆಂದೇ ಎಳೆದ ಗೆರೆ ಅದು. ರೆಪ್ಪೆಗೂದಲು ಬರೆಯಲು ಉಸಿರು ಬಿಗಿಹಿಡಿಯುವ ನಾವು ಇಷ್ಟು ಧೈರ್ಯ ಮಾಡುವುದಿಲ್ಲ.

ನನ್ನನ್ನು ಕಟ್ಟಿಹಾಕಿದ್ದು ಅಂಚಿನ 48 ಹಲಗೆ. ನಾಲ್ಕು ಮೂಲೆಗೆ ಗಾಳಿಯ ದೇವದೂತರು, ಮಿಕ್ಕದ್ದು ಬಹುಪಾಲು ಕಡಲ ಪ್ರಾಣಿಗಳು. ಆನೆಗೂ ಮೀನಿನ ಬಾಲ! ನಮ್ಮ ಮಕರಕ್ಕೆ ದಾಯಾದಿ ಅನ್ನಬೇಕು. ನಡುವಿನಲ್ಲಿ ಕಥೆ ಹೇಳಿದಂತೆ ಬರೆದಿದ್ದಾರೆ, ಅಂಚಿನಲ್ಲಿ ಕೈ ಹೇಳಿದಂತೆ.

ಇನ್ನು ಕಳೆದ ಆ ಅರ್ಧ ಅಂಕ. ಕನ್ನಡಿಯಲ್ಲಿ ಎಡ ಬಲವಾಗುತ್ತದೆ. ಬಲಗೈಯವರೆಲ್ಲ ಎಡಚರು, ಕಥೆಯ ಸಾಲೂ ತಿರುಗುಮುರುಗು. ಅರ್ಧ ತಾಸು ಒದ್ದಾಡಿದ ಮೇಲೆ ಕನ್ನಡಿ ಪಕ್ಕಕ್ಕಿಟ್ಟು ಬೆಂಚಿನ ಮೇಲೆ ಅಂಗಾತ ಮಲಗಿಬಿಟ್ಟೆ. ಮಗ ನನ್ನ ಪರಿಚಯವೇ ಇಲ್ಲದವನಂತೆ ಬಾಗಿಲ ಹತ್ತಿರ ಹೋಗಿ ನಿಂತ. ನೀವು ಹೋದರೆ ಮೊದಲು ಕನ್ನಡಿ, ಆಮೇಲೆ ಬೆಂಚು.

ಮಾಳಿಗೆ ಪೂರ್ತಿ ಬಂದಿರುವ ಪೋಸ್ಟರ್ ತಂದು ಕೊಪ್ಪಳದ ಒಂದು ಅಂಗಡಿಯಲ್ಲಿ ಕಟ್ಟು ಹಾಕಲು ಕೊಟ್ಟೆ. ಚೌಕಟ್ಟಿಗೆ ಹೊಂದಲೆಂದು ಹುಡುಗ ಸುತ್ತಲೂ ಕತ್ತರಿಸಿಟ್ಟಿದ್ದ. "ಅದು ಬರೇ ಬಾರ್ಡರ್ ಅಲ್ಲೇನ್ರಿ ಕಾಕಾ, ದೇವರ ಚಿತ್ರ ಎಲ್ಲಾ ಉಳದಾವ" ಅಂದ. ಬುಟ್ಟಿಯಲ್ಲಿ ಕೈಯಾಡಿಸಿದೆ. ಆನೆ ಸಿಕ್ಕಿತು, ಬಾಲದ ತುದಿ ಸಿಗಲಿಲ್ಲ.