ಸೈಕಲ್ ಮೇಲೆ ಆಡೋಕೆ ಯಾವುದು ಸರಿ: ಪೋಕೆಮಾನ್ ಗೋ, ಜಿಯೋಕ್ಯಾಶಿಂಗ್, ಇಲ್ಲಾ ಚೌಕ ಹಿಡಿಯೋದು?

ಮೊದಲೇ ಹೇಳಿಬಿಡುತ್ತೇನೆ. ಮೂರನ್ನೂ ಆಡಿ ನೋಡಿದೆ, ಈಗ ಆಡುತ್ತಿರುವುದು ಚೌಕ ಹಿಡಿಯುವ ಆಟ, ಅಂದರೆ ನಕ್ಷೆಯ ಚೌಕಗಳೊಳಗೆ ಸೈಕಲ್ ಹೊಕ್ಕು ಬರುವ ಆಟ ಮಾತ್ರ. ಅದರಲ್ಲಿ ಫೋನು ಬ್ಯಾಗಿನೊಳಗೇ ಇರುತ್ತದೆ, ಕಣ್ಣು ರಸ್ತೆ ಮೇಲಿರುತ್ತದೆ. ಅದು ಎಷ್ಟು ದೊಡ್ಡ ವಿಷಯ ಅಂತ ನನಗೆ ಗೊತ್ತಾಗಿದ್ದು 399 ರೂಪಾಯಿ ಕೊಟ್ಟು ಒಂದು ಫೋನ್ ಹೋಲ್ಡರ್ ತಂದ ಮೇಲೆ.

ನಾನಿರುವುದು ಮೈಸೂರಿನಲ್ಲಿ. ನನ್ನದು ಗೇರ್ ಇಲ್ಲದ, ಹಿಂದೆ ಕ್ಯಾರಿಯರ್ ಇರುವ ಮಾಮೂಲಿ ಸೈಕಲ್. ಭಾನುವಾರ ಬೆಳಿಗ್ಗೆ ಐದೂವರೆಗೆ ಹೊರಟರೆ ಒಂಬತ್ತಕ್ಕೆ ಮನೆ ಸೇರಬೇಕು. ಜೊತೆಗೆ ಯಾರೂ ಇರುವುದಿಲ್ಲ. ಆಟಕ್ಕೆ ಅಂತ ತಿಂಗಳು ತಿಂಗಳು ದುಡ್ಡು ಕಟ್ಟುವ ಮನಸ್ಸೂ ಇಲ್ಲ. ಮುಂದಿನದನ್ನೆಲ್ಲ ಈ ಲೆಕ್ಕದಲ್ಲೇ ಓದಿಕೊಳ್ಳಿ.

ಶುರು ಮಾಡಿದ್ದು ಪೋಕೆಮಾನ್ ಗೋದಿಂದ. ಫೋನಿನ ನಕ್ಷೆ ನೋಡಿಕೊಂಡು ಹೊರಗೆ ಓಡಾಡುತ್ತಾ ಪೋಕೆಮಾನ್ ಎಂಬ ಕಾಲ್ಪನಿಕ ಪ್ರಾಣಿಗಳನ್ನು ಹಿಡಿಯುವ ಆಟ ಇದು. ಊರೊಳಗೆ ಇದರಷ್ಟು ಒತ್ತೊತ್ತಾಗಿ ಸಿಗುವ ಆಟ ಇನ್ನೊಂದಿಲ್ಲ. ಆಟದ ಸಾಮಾನು ಸಿಗುವ ಜಾಗಗಳಿಗೆ ಪೋಕೆಸ್ಟಾಪ್ ಅಂತಾರೆ. ಅವುಗಳಲ್ಲಿ ಬಹಳಷ್ಟನ್ನು ಹಿಂದೆ ಇಂಗ್ರೆಸ್ ಎಂಬ ಆಟ ಆಡುತ್ತಿದ್ದವರು ಗುರುತಿಸಿಕೊಟ್ಟಿದ್ದರು. ಪ್ರತಿಮೆ, ಗುಡಿ, ಗೋಡೆ ಮೇಲಿನ ಚಿತ್ರ, ಹಳೇ ಕಟ್ಟಡ, ಇಂಥವೇ. ಮೈಸೂರಿನಲ್ಲಿ ಇವಕ್ಕೆ ಕೊರತೆಯೇ? ಅರಮನೆ ಸುತ್ತ ಒಂದು ರೌಂಡ್ ಹಾಕಿದರೆ ಕೈಗೆ ಬಿಡುವೇ ಇರುವುದಿಲ್ಲ. ಸ್ಟಾಪ್ ಹತ್ತಿರಕ್ಕೇ ಹೋಗಬೇಕೆಂದೂ ಇಲ್ಲ. 2020ರಲ್ಲಿ 40 ಮೀಟರ್ ಇದ್ದ ಅಂತರವನ್ನು 80 ಮೀಟರ್‌ಗೆ ಏರಿಸಿದರು.

ಆದರೆ ಈ ಆಟ ನಡೆಯುವವರಿಗೆ ಮಾಡಿದ್ದು. ಆಟದಲ್ಲಿ ಸಿಗುವ ಮೊಟ್ಟೆ ಒಡೆದು ಪೋಕೆಮಾನ್ ಹೊರಬರಲು 2, 5, 10 ಕಿ.ಮೀ. ಹೀಗೆ ದೂರ ಸಾಗಬೇಕು. ಗಂಟೆಗೆ ಸುಮಾರು 10 ಕಿ.ಮೀ. ವೇಗ ದಾಟಿದರೆ ಆ ದೂರ ಲೆಕ್ಕಕ್ಕೆ ಬರುವುದಿಲ್ಲ. ಗೇರ್ ಇಲ್ಲದ ಸೈಕಲ್ಲಿನಲ್ಲೂ ನಾನು 15ರ ಆಸುಪಾಸಿನಲ್ಲಿರುತ್ತೇನೆ. ಶ್ರೀರಂಗಪಟ್ಟಣಕ್ಕೆ ಹೋಗಿ ಬಂದರೂ 10 ಕಿ.ಮೀ. ಮೊಟ್ಟೆ ಹಾಗೇ ಉಳಿದಿತ್ತು. ಬೆವರು ಸುರಿಸಿ ತುಳಿದವನಿಗೆ ಬಸ್ಸಿನಲ್ಲಿ ಕೂತವನ ಲೆಕ್ಕ. ಇದು ನನಗೆ ಸರಿ ಕಾಣಲಿಲ್ಲ.

ಇನ್ನು ಹೋಲ್ಡರ್ ವಿಷಯ. ಪೋಕೆಮಾನ್ ಆಡಬೇಕಾದರೆ ಫೋನು ಕಣ್ಣೆದುರಿಗೇ ಬೇಕು. ಅದಕ್ಕೆ ಹ್ಯಾಂಡಲ್ಲಿಗೆ ಹಾಕುವ ಹೋಲ್ಡರ್ ತರಿಸಿದೆ. ಎರಡೂ ಬದಿಯಿಂದ ದವಡೆ ಥರ ಕಚ್ಚಿ ಹಿಡಿಯುವಂಥದ್ದು. ಗಟ್ಟಿ ಇತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದರ ಬಲಗಡೆ ದವಡೆ ಸರಿಯಾಗಿ ಪವರ್ ಬಟನ್ ಮೇಲೇ ಬಂದು ಕೂರುತ್ತಿತ್ತು. ಮನೆಯಲ್ಲಿ ಹಾಕಿ ನೋಡಿದಾಗ ಬಟನ್ ಒತ್ತುತ್ತಿರಲಿಲ್ಲ, ಬರೀ ತಾಗಿಕೊಂಡಿತ್ತು. ಇಷ್ಟೇ ತಾನೇ ಅಂದುಕೊಂಡೆ.

ಪಾಲಹಳ್ಳಿ ಕಡೆ ಹೋಗುವಾಗ ರಸ್ತೆಗೆ ಅಡ್ಡಲಾಗಿ ಸಾಲು ಸಾಲು ಸಣ್ಣ ಉಬ್ಬು ಬಂದವು. ರಂಬಲ್ ಸ್ಟ್ರಿಪ್ ಅಂತಾರಲ್ಲ, ಅವು. ಒಂದೊಂದು ಉಬ್ಬಿಗೂ ಫೋನು ಕುಲುಕಿ ಬಟನ್ ಒಂದೊಂದು ಸಲ ಒತ್ತಿಕೊಂಡಿದೆ. ನನ್ನ ಫೋನಿನಲ್ಲಿ ಪವರ್ ಬಟನ್ ಬೇಗ ಬೇಗ ಐದು ಸಲ ಒತ್ತಿದರೆ ಅಕ್ಕನಿಗೆ ತುರ್ತು ಮೆಸೇಜು, ಜೊತೆಗೆ ನಾನಿರುವ ಜಾಗದ ಲಿಂಕು ಹೋಗುತ್ತದೆ. ಒಬ್ಬನೇ ಹೋಗುತ್ತೀಯ ಅಂತ ಅವಳೇ ಕೂತು ಮಾಡಿಸಿದ್ದ ಏರ್ಪಾಡು. ಹಿಂದಿನಿಂದ ಲಾರಿ ಬರುತ್ತಿತ್ತು, ಫೋನಿನ ಎಚ್ಚರಿಕೆ ಸದ್ದು ನನಗೆ ಕೇಳಲಿಲ್ಲ. ಸ್ಕ್ರೀನ್ ಆಫ್ ಆಗಿದ್ದು ಕಂಡಿತು. ಬಿಸಿಲಿಗೆ ಇರಬೇಕು ಅಂದುಕೊಂಡು ತುಳಿಯುತ್ತಾ ಹೋದೆ.

ಅರ್ಧ ಗಂಟೆ ಬಿಟ್ಟು ಎಳನೀರಿಗೆ ನಿಂತಾಗ ನೋಡಿದೆ. ಅಕ್ಕನ ಏಳು ಮಿಸ್ಡ್ ಕಾಲ್. ಭಾವನ ನಾಲ್ಕು. ವಾಪಸ್ ಮಾಡಿದರೆ, "ಎಲ್ಲಿದ್ದೀಯೋ? ಏನಾಯ್ತೋ?" ಅಂದವಳಿಗೆ ಮುಂದೆ ಮಾತೇ ಹೊರಡಲಿಲ್ಲ. ಇಬ್ಬರೂ ಆಗಲೇ ಸ್ಕೂಟರ್ ಹತ್ತಿ ರಿಂಗ್ ರೋಡ್ ದಾಟಿದ್ದರು. ಆವತ್ತು ನನಗಾದ ಸಂಕಟ ಈಗಲೂ ಮರೆತಿಲ್ಲ.

ಆಮೇಲೂ ಹೋಲ್ಡರ್ ಬಿಡಲಿಲ್ಲ ನಾನು. ಫೋನನ್ನು ತಲೆಕೆಳಗು ಮಾಡಿ ಹಾಕಿದೆ. ಆಗ ದವಡೆ ವಾಲ್ಯೂಮ್ ಬಟನ್ ಮೇಲೆ ಕೂತಿತು. ಸ್ವಲ್ಪ ಮೇಲಕ್ಕೆ ಸರಿಸಿದರೆ ಹಿಡಿತ ಸಾಲದು, ಹಂಪ್ ಬಂದರೆ ಫೋನು ಜಾರುತ್ತದೆ. ರಬ್ಬರ್ ತುಂಡು ಅಂಟಿಸಿದೆ, ಎರಡೇ ವಾರಕ್ಕೆ ಬಿದ್ದುಹೋಯಿತು. ಉಳಿದ ದಾರಿ ಒಂದೇ, ಆ ತುರ್ತು ಮೆಸೇಜನ್ನೇ ಆಫ್ ಮಾಡುವುದು. ಅದನ್ನು ಮಾಡಲು ಮನಸ್ಸು ಬರಲಿಲ್ಲ. ಆಟಕ್ಕೋಸ್ಕರ ಅಕ್ಕನ ಧೈರ್ಯ ಕಿತ್ತುಕೊಳ್ಳುವುದೇ? ಹೋಲ್ಡರನ್ನೇ ಬಿಚ್ಚಿಟ್ಟೆ. ನೀವು ತಗೊಳ್ಳುವುದಾದರೆ ಬದಿಯಿಂದ ಕಚ್ಚುವುದು ಬೇಡ. ನಾಲ್ಕು ಮೂಲೆಗೆ ರಬ್ಬರ್ ಪಟ್ಟಿ ಸಿಕ್ಕಿಸುವಂಥದ್ದನ್ನು ನೋಡಿ, ಅದೂ ನಿಮ್ಮ ಫೋನನ್ನು ಅಂಗಡಿಯಲ್ಲೇ ಹಾಕಿ ನೋಡಿ.

ಫೋನು ಮುಟ್ಟದೆ ಪೋಕೆಸ್ಟಾಪ್‌ಗಳ ಸಾಮಾನನ್ನು ತಾನೇ ತೆಗೆದುಕೊಳ್ಳುವ ಪುಟ್ಟ ಸಾಧನವೂ ಬರುತ್ತದೆ. ನನ್ನ ಬಜೆಟ್ಟಿಗೆ ಜಾಸ್ತಿಯಾಯಿತು.

ಎರಡನೆಯದು ಜಿಯೋಕ್ಯಾಶಿಂಗ್. ಯಾರೋ ಬಚ್ಚಿಟ್ಟ ಡಬ್ಬಿಯನ್ನು ಜಿಪಿಎಸ್ ಹಿಡಿದು ಹುಡುಕಿ, ಒಳಗಿನ ಚೀಟಿಯಲ್ಲಿ ಹೆಸರು ಬರೆದು, ಅಲ್ಲೇ ಇಟ್ಟು ಬರುವುದು. ಇದು ಹುಟ್ಟಿದ ಕಥೆ ನನಗೆ ಬಹಳ ಇಷ್ಟ. ಅಮೆರಿಕ ಸರ್ಕಾರ ಜನರಿಗೆ ಸಿಗುವ ಜಿಪಿಎಸ್ ಸಂಕೇತವನ್ನು ಬೇಕೆಂದೇ ಮಸುಕು ಮಾಡುತ್ತಿತ್ತು. 2000ದ ಮೇ ತಿಂಗಳ ಶುರುವಿನಲ್ಲಿ ಅದನ್ನು ನಿಲ್ಲಿಸಿತು. ಮೇ 3ಕ್ಕೇ ಆರೆಗಾನ್‌ನಲ್ಲಿ ಡೇವ್ ಉಲ್ಮರ್ ಎಂಬುವರು ಮೊದಲ ಡಬ್ಬಿ ಇಟ್ಟರು.

ಆಟ ಚೆನ್ನಾಗಿದೆ. ಆದರೆ ನಮ್ಮ ಕಡೆ ಡಬ್ಬಿಗಳೇ ಕಮ್ಮಿ. ಅಮೆರಿಕ, ಜರ್ಮನಿಯಲ್ಲಿರುವ ಕನ್ನಡದವರು ಪ್ರತಿ ವಾರ ಹೊಸದು ಹುಡುಕಬಹುದು, ನನಗೆ ಒಂದು ತಿಂಗಳಲ್ಲೇ ಸಮೀಪದವು ಮುಗಿದವು. ಮರದ ಕೆಳಗೆ ಫೋನಿನ ಜಿಪಿಎಸ್ ಐದು ಹತ್ತು ಮೀಟರ್ ಆಚೀಚೆ ತೋರಿಸುತ್ತದೆ. ಅಷ್ಟು ಜಾಗವನ್ನು ಕೈಯಲ್ಲೇ ತಡಕಬೇಕು. ಒಂದು ಆಲದ ಬುಡದಲ್ಲಿ ಮುಕ್ಕಾಲು ಗಂಟೆ ತಡಕುತ್ತಿದ್ದಾಗ ಹಸು ಹೊಡೆದುಕೊಂಡು ಹೋಗುತ್ತಿದ್ದ ಅಜ್ಜ ನಿಂತು, "ಏನ್ ಸಾ ಕಳ್ಕಂಡ್ರಿ?" ಅಂತ ಕೇಳಿ ತಾವೂ ಹುಡುಕಲು ಬಂದರು. ಅವರಿಗೇ ಡಬ್ಬಿ ಸಿಕ್ಕಿದ್ದು. ಎಷ್ಟು ಖುಷಿಪಟ್ಟರು ಗೊತ್ತಾ? ಪೆನ್ನು ಮಾತ್ರ ನಿಮ್ಮದೇ ಇರಲಿ, ಡಬ್ಬಿಯಲ್ಲಿ ಇರುತ್ತದೆ ಅಂತ ನಂಬಬೇಡಿ.

ಮೂರನೆಯದು ಚೌಕ. ಆನ್‌ಲೈನ್ ನಕ್ಷೆಗಳು ಭೂಮಿಯನ್ನು ಚೌಕ ಚೌಕವಾಗಿ ಕತ್ತರಿಸಿಕೊಂಡಿರುತ್ತವೆ. ಆ ಚೌಕದೊಳಗೆ ಒಂದು ಸಲ ಸೈಕಲ್ ಹೊಕ್ಕು ಬಂದರೆ ಅದು ನಿಮ್ಮದು. ಸವಾರಿಯ ದಾರಿ ಬರೆದಿಡುವ ಸ್ಟ್ರಾವಾ ಆ್ಯಪ್‌ನಲ್ಲಿ ಸವಾರಿ ದಾಖಲಾದರೆ ಸಾಕು, ಸ್ಟ್ಯಾಟ್ಸ್‌ಹಂಟರ್ಸ್, ಸ್ಕ್ವಾಡ್ರ್ಯಾಟ್ಸ್ ಥರದ ತಾಣಗಳು ಅದನ್ನು ಓದಿ ನಕ್ಷೆಗೆ ಬಣ್ಣ ತುಂಬುತ್ತವೆ. ನಾನು ಇದುವರೆಗೂ ಒಂದು ಪೈಸೆ ಕೊಟ್ಟಿಲ್ಲ. ಸಾಮಾನ್ಯವಾಗಿ ಎಲ್ಲರೂ ಆಡುವ ಅಳತೆಯಲ್ಲಿ ಮೈಸೂರಿನ ಒಂದು ಚೌಕದ ಬದಿ ಸುಮಾರು 2.4 ಕಿ.ಮೀ. ಸಮಭಾಜಕ ವೃತ್ತದಿಂದ ದೂರ ಹೋದಷ್ಟೂ ಚೌಕ ಚಿಕ್ಕದಾಗುತ್ತದೆ, ಲಂಡನ್ನಿನವರಿಗೆ ಒಂದೂವರೆ ಕಿ.ಮೀ. ಅಷ್ಟೇ. ಅಂದರೆ ಒಂದೊಂದು ಚೌಕಕ್ಕೂ ನಾವು ಜಾಸ್ತಿ ತುಳಿಯಬೇಕು. ಅದೂ ನನಗೆ ಇಷ್ಟವೇ.

ಚೌಕಗಳನ್ನು ಸುಮ್ನೆ ಕೂಡಿಹಾಕುವುದಷ್ಟೇ ಅಲ್ಲ. ಅಕ್ಕಪಕ್ಕದ ಚೌಕಗಳನ್ನು ಒಂದೂ ಬಿಡದ ಹಾಗೆ ಹಿಡಿದು ಎಷ್ಟು ದೊಡ್ಡ ಚದರ ತುಂಬಿಸುತ್ತೀರಿ ಅನ್ನುವುದೇ ಆಟ. ಮಧ್ಯೆ ಒಂದು ಚೌಕ ಖಾಲಿ ಬಿದ್ದರೆ ಚದರ ಬೆಳೆಯುವುದಿಲ್ಲ. ಹಾಗಾಗಿ ಯಾವತ್ತೂ ಕೆಲಸವಿಲ್ಲದ ಕಡೆಗೆಲ್ಲ ಹೋಗಿದ್ದೇನೆ. ವರುಣಾ ನಾಲೆ ಏರಿ ಮೇಲೆ ಹೋಗಿದ್ದೇನೆ. ಹುಲಿಕೆರೆ ಹತ್ತಿರ ವಿಶ್ವೇಶ್ವರಯ್ಯ ನಾಲೆ ಸುರಂಗದೊಳಗೆ ಹೋಗುತ್ತದೆ ಅಂತ ಚಿಕ್ಕಂದಿನಿಂದ ಕೇಳಿದ್ದೆ, ಆ ಕಡೆ ಕಾಲಿಟ್ಟಿದ್ದು ಚೌಕದ ನೆಪದಲ್ಲೇ. ಇಷ್ಟು ವರ್ಷ ಮೈಸೂರಿನಲ್ಲಿದ್ದೂ ಗೊತ್ತಿಲ್ಲದ ಊರುಗಳಲ್ಲಿ ಟೀ ಕುಡಿದಿದ್ದೇನೆ.

ಕೊರತೆ ಇಲ್ಲ ಅಂತಲ್ಲ. ಚೌಕ ಸಿಕ್ಕಿತೋ ಇಲ್ಲವೋ ಮನೆಗೆ ಬಂದ ಮೇಲೇ ಗೊತ್ತಾಗುವುದು. ಒಂದು ಸಲ ಐವತ್ತು ಮೀಟರಿನಲ್ಲಿ ತಪ್ಪಿಹೋಗಿತ್ತು. ಈಗ ಗಡಿ ದಾಟಿದ ಮೇಲೂ ಇನ್ನೂರು ಮೀಟರ್ ಒಳಗೆ ಹೋಗಿ ತಿರುಗುತ್ತೇನೆ. ಫೋನಿನ ಬ್ಯಾಟರಿ ಉಳಿತಾಯ ಆನ್ ಇದ್ದರೆ ದಾಖಲಾಗುವುದು ಮಧ್ಯದಲ್ಲೇ ನಿಲ್ಲಬಹುದು, ಅದನ್ನು ಆಫ್ ಮಾಡಿಟ್ಟುಕೊಳ್ಳಿ. ತೋಟದ ಗೇಟ್ ಇದ್ದರೆ ಕೇಳಿಯೇ ಒಳಗೆ ಹೋಗಿ.

ಮನೆಯಲ್ಲಿ ಸಣ್ಣ ಮಕ್ಕಳಿದ್ದು, ಬಡಾವಣೆಯ ಪಾರ್ಕಿನ ತನಕ ನಿಧಾನವಾಗಿ ಹೋಗಿ ಬರುವವರಾದರೆ ಪೋಕೆಮಾನ್ ಗೋ ಆಡಿ, ನಿಲ್ಲಿಸಿ ನಿಲ್ಲಿಸಿ ಆಡಿ. ಊರೂರು ತಿರುಗುವ ಕೆಲಸದವರಿಗೆ ಜಿಯೋಕ್ಯಾಶಿಂಗ್ ಚೆನ್ನ. ನನ್ನ ಹಾಗೆ ವಾರಕ್ಕೊಂದು ಬೆಳಿಗ್ಗೆ, ಒಂದು ಮಾಮೂಲಿ ಸೈಕಲ್, ಖರ್ಚು ಬೇಡ ಅನ್ನುವವರು ಚೌಕಕ್ಕೆ ಬನ್ನಿ.

ನನ್ನ ಚದರ ಈಗ ಕೆಆರ್‌ಎಸ್ ಹಿನ್ನೀರಿಗೆ ಬಂದು ನಿಂತಿದೆ. ನಡುನೀರಿನ ಚೌಕಗಳ ಆಸೆ ಬಿಟ್ಟಿದ್ದೇನೆ. ಆದರೆ ಹೊಸ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ಗುಡಿಯ ಕಡೆ ಅಂಚಿನಲ್ಲಿ ಒಂದು ಬಾಕಿ ಇದೆ. ಏಪ್ರಿಲ್‌ನಲ್ಲಿ ನೀರು ಇಳಿದು ಕೆಸರು ಗಟ್ಟಿಯಾದರೆ ಸೈಕಲ್ ಅಲ್ಲಿಗೆ ಹೋದೀತು. ಈ ಸಲ ಭಾವನೂ ಬರುತ್ತೇನೆ ಅಂದಿದ್ದಾರೆ.