ಶೇಂಗಾ ಎಣ್ಣೆಯೋ, ಕುಸುಬಿ ಎಣ್ಣೆಯೋ, ತುಪ್ಪವೋ?

ಗದಗಿನ ಗಾಣದಂಗಡಿಯ ಮುಂದೆ ನಿಂತು ಯೋಚಿಸುವವರು ಮೊದಲು ತಿಳಿಯಬೇಕಾದದ್ದು, ಈ ಮೂರೂ ಬಹುಪಾಲು ಒಂದು ಗ್ಲಿಸರಾಲ್‌ಗೆ ಮೂರು ಕೊಬ್ಬಿನಾಮ್ಲಗಳು ಕೂಡಿದ ಟ್ರೈಗ್ಲಿಸರೈಡ್‌ಗಳೇ ಆಗಿದ್ದು, ಗ್ರಾಮಿಗೆ ಸುಮಾರು 9 ಕಿಲೋಕ್ಯಾಲರಿ ಕೊಡುತ್ತವೆ ಎಂಬುದು. ವ್ಯತ್ಯಾಸವಿರುವುದು ಆ ಆಮ್ಲಗಳಲ್ಲಿ. ಸಾಂಪ್ರದಾಯಿಕ ಕುಸುಬಿ ಎಣ್ಣೆಯಲ್ಲಿ ಬಿಸಿಗೆ ಸುಲಭವಾಗಿ ಹಾಳಾಗುವ ಲಿನೋಲಿಕ್ ಎಂಬ ಕೊಬ್ಬಿನಾಮ್ಲವೇ ಶೇ. 70ರ ಆಸುಪಾಸಿನಲ್ಲಿದ್ದು, ಹೆಚ್ಚು ಕಾಯಿಸಿದರೆ ಅದು ಬೇಗ ಕೆಡುತ್ತದೆ. ಅಷ್ಟು ಬೇಗ ಕೆಡದ ಓಲಿಕ್ ಆಮ್ಲ ಹೆಚ್ಚಿರುವ ಶೇಂಗಾ ಎಣ್ಣೆ ಮಿರ್ಚಿ ಭಜಿಯ ಬಾಣಲೆಯನ್ನು ಅದಕ್ಕಿಂತ ಚೆನ್ನಾಗಿ ತಾಳುತ್ತದೆ. ತುಪ್ಪದಲ್ಲಿ ಅರ್ಧಕ್ಕಿಂತ ಹೆಚ್ಚು ಪರ್ಯಾಪ್ತ (ಸ್ಯಾಚುರೇಟೆಡ್) ಕೊಬ್ಬಿದೆ, ಚಳಿಗೆ ಅದು ಗಟ್ಟಿಯಾಗುವುದು ಅದರಿಂದಲೇ. ಪಿತ್ತರಸ ಮತ್ತು ಕೊಬ್ಬನ್ನು ಜೀರ್ಣಿಸುವ ಕಿಣ್ವ ಲೈಪೇಸ್ ಮೂರನ್ನೂ ಸಣ್ಣಕರುಳಿನಲ್ಲಿ ಒಡೆಯುತ್ತವೆಯಾದರೂ, ತುಪ್ಪದ ಬ್ಯುಟಿರಿಕ್‌ನಂತಹ ಚಿಕ್ಕ ಸರಪಳಿಯ ಆಮ್ಲಗಳು ನೇರವಾಗಿ ಯಕೃತ್ತಿಗೆ ಹೋಗುತ್ತವೆ. ಉದ್ದನೆಯವು ದುಗ್ಧನಾಳಗಳ (ಲಿಂಫ್ ನಾಳಗಳ) ಮೂಲಕ ಸುತ್ತಿ ರಕ್ತ ಸೇರುತ್ತವೆ. ನನ್ನ ಆಯ್ಕೆ ಕರಿಯಲು ಶೇಂಗಾ, ಒಗ್ಗರಣೆಗೆ ಕುಸುಬಿ, ಹೋಳಿಗೆಯ ಮೇಲೆ ಮಾತ್ರ ಒಂದು ಚಮಚ ತುಪ್ಪ.