ಗಿಜಿಗುಡುವ ಬೀದಿಯ ಚೆಂದದ ಬಾಡಿಗೆ ಮನೆ: ಮೂರು ವರ್ಷ ಇದ್ದು ನೋಡಿದ ಮೇಲೆ

ನನಗೆ ಈ ಮನೆ ಹಿಡಿಸಿದ್ದೇ ಕಿಟಕಿಯಿಂದ. ಹಳೇ ಕಟ್ಟಡದ ಎರಡನೇ ಮಹಡಿ, ಎತ್ತರದ ಛಾವಣಿ, ಬೀದಿ ಕಡೆಗೆ ಆಳೆತ್ತರದ ಮರದ ಕಿಟಕಿ. ನೋಡಲು ಹೋದಾಗ ಬೆಳಿಗ್ಗೆ ಹನ್ನೊಂದು ಗಂಟೆ. ಬಿಸಿಲು ಗೋಡೆ ತನಕ ಚಾಚಿಕೊಂಡಿತ್ತು. ಅಲ್ಲೇ ನಿಂತು ಒಪ್ಪಿಕೊಂಡೆ.

ರಾತ್ರಿ ಒಮ್ಮೆ ಬಂದು ನೋಡಬೇಕಿತ್ತು. ಕೆಳಗಿನ ಅಂಗಡಿಗಳ ಶಟರ್ ಇಳಿಯುವಾಗ ಹನ್ನೊಂದು ದಾಟಿರುತ್ತದೆ. ಸಾಮಾನಿನ ಲಾರಿ ಬರುವುದು ಬೆಳಗಿನ ಜಾವ ನಾಲ್ಕಕ್ಕೆ. ನಡುವೆ ಸಿಗುವ ನಿದ್ದೆ ಎಷ್ಟು? ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಯುರೋಪಿಗಾಗಿ ತಂದ ಮಾರ್ಗಸೂಚಿ ಪ್ರಕಾರ ರಾತ್ರಿಯ ವಾಹನಗಳ ಸದ್ದು ಮನೆಯ ಹೊರಗೇ ಸರಾಸರಿ 45 ಡೆಸಿಬೆಲ್‌ಗಿಂತ ಕಡಿಮೆ ಇರಬೇಕು. ನನ್ನ ಹಾಸಿಗೆ ಪಕ್ಕ, ಕಿಟಕಿ ಮುಚ್ಚಿದ್ದರೂ ಮೊಬೈಲ್ ಆಪ್ 50 ದಾಟಿ ತೋರಿಸುತ್ತಿತ್ತು. ಫೋನಿನ ಲೆಕ್ಕ ಪಕ್ಕಾ ಅಲ್ಲ, ಆದರೂ ಅಂದಾಜು ಸಿಗುತ್ತದೆ ಅಲ್ವಾ.

ಮೊದಲು ದಪ್ಪ ಪರದೆ ತಂದೆ. ಸುಮ್ನೆ ಖರ್ಚು. ಕೋಣೆಯೊಳಗಿನ ಪ್ರತಿಧ್ವನಿ ಕಡಿಮೆಯಾಯಿತು, ಹೊರಗಿನ ಸದ್ದು ಇದ್ದಷ್ಟೇ ಇತ್ತು. ಒಂದು ದಿನ ಕಿಟಕಿ ಸಂದಿಗೆ ತೆಳು ಕಾಗದದ ಚೂರು ಹಿಡಿದೆ. ಪಟಪಟ ಹೊಡೆದುಕೊಂಡಿತು. ಗಾಳಿ ನುಗ್ಗುವ ಕಡೆಯಿಂದಲೇ ಸದ್ದೂ ನುಗ್ಗುತ್ತಿತ್ತು. ಮಾಲೀಕರನ್ನು ಕೇಳಿ ಚೌಕಟ್ಟಿನ ಸುತ್ತ ರಬ್ಬರ್ ಬೀಡಿಂಗ್ ಹಾಕಿಸಿದೆ. ಹಾರ್ನ್, ಮಾತು, ನಗು ಎಲ್ಲ ದೂರ ಸರಿದವು. ಬಸ್ಸಿನ ಗುಡುಗುಡು ಮಾತ್ರ ಉಳಿಯಿತು. ಅಂಥ ಕೆಳಸ್ಥಾಯಿಯ ಸದ್ದು ಗೋಡೆಯನ್ನೂ ದಾಟಿ ಬರುತ್ತದೆ, ಬೀಡಿಂಗ್‌ಗೆ ಬಗ್ಗುವುದಿಲ್ಲ.

ನಿಜವಾಗಿ ನೆಮ್ಮದಿ ಕೊಟ್ಟಿದ್ದು ಮಂಚ ಎತ್ತಿ ಹಿಂದಿನ ಸಣ್ಣ ಕೋಣೆಗೆ ಹಾಕಿದ್ದು. ನಾನು ಅದನ್ನು ಸಾಮಾನು ತುಂಬಲು ಇಟ್ಟುಕೊಂಡಿದ್ದೆ. ಬೀದಿಗೂ ಅದಕ್ಕೂ ನಡುವೆ ಎರಡು ಗೋಡೆ. ಅವತ್ತು ರಾತ್ರಿ ಲಾರಿ ಬಂದಿದ್ದೇ ಗೊತ್ತಾಗಲಿಲ್ಲ. ಮುಂದಿನ ಕೋಣೆಯಲ್ಲಿ ಈಗ ನನ್ನ ಮೇಜು ಇದೆ. ಹಗಲು ಕೆಲಸ ಮಾಡುವಾಗ ಆ ಗಲಾಟೆ ನನಗೆ ಜೊತೆಯಂತೆ ಇರುತ್ತದೆ.

ಮನೆ ನೋಡಲು ಹೋಗುವವರು ಹಿಂದಿನ ಕೋಣೆಯನ್ನು ಚೆನ್ನಾಗಿ ನೋಡಿ. ಬೀರು ಸರಿಸಿ ಗೋಡೆ ಮುಟ್ಟಿ. ನಮ್ಮಲ್ಲಿ ಬೀರುವಿನ ಹಿಂದೆ ಬೂಷ್ಟು ಹಿಡಿದಿತ್ತು. ಪೈಪ್ ಸೋರುತ್ತಿತ್ತು. ರಿಪೇರಿ ಮಾಡಿಸುತ್ತೇನೆ ಎಂದು ಮಾಲೀಕರು ಬಾಯಿಮಾತಿನಲ್ಲಿ ಹೇಳಿದ್ದು ನಡೆಯಲು ಐದು ತಿಂಗಳು ಬೇಕಾಯಿತು. ಕಾಗದದಲ್ಲಿ ಬರೆದಿದ್ದರೆ ಕೇಳಲು ನನಗೂ ಧೈರ್ಯ ಇರುತ್ತಿತ್ತು. ಬಂದ ದಿನವೇ ತೆಗೆದ ಫೋಟೋಗಳು ಮಾತ್ರ ಕೈ ಹಿಡಿದವು.

ಧೂಳು ಜಾಸ್ತಿ. ದಿನ ಬಿಟ್ಟು ದಿನ ಒರೆಸಿದರೂ ಕಿಟಕಿ ಹಲಗೆ ಮೇಲೆ ಕಪ್ಪು ಪುಡಿ ಕೂರುತ್ತದೆ. ನೀರು, ಕರೆಂಟ್ ತೊಂದರೆ ಇಲ್ಲ.

ಇಷ್ಟಾದರೂ ಬಿಡಲು ಮನಸ್ಸಿಲ್ಲ. ಬೇಕಾದ್ದೆಲ್ಲ ನಡೆದು ಹೋಗುವಷ್ಟು ಹತ್ತಿರ. ಜ್ವರ ಬಂದ ರಾತ್ರಿ ಚಪ್ಪಲಿ ಮೆಟ್ಟಿ ಇಳಿದು, ಹತ್ತು ನಿಮಿಷದಲ್ಲಿ ಮಾತ್ರೆ ತಂದಿದ್ದೇನೆ. ತಡವಾಗಿ ಬಂದರೂ ಬೀದಿಯಲ್ಲಿ ಬೆಳಕು, ಜನ ಇರುತ್ತಾರೆ, ಭಯವಿಲ್ಲ. ಸಂಜೆ ಕಿಟಕಿ ತೆರೆದು ಅರ್ಧ ಗಂಟೆ ಸುಮ್ನೆ ಕೂರುತ್ತೇನೆ.

ಹೋದ ತಿಂಗಳು ಅಗ್ರಿಮೆಂಟ್ ಮತ್ತೆ ಬರೆಸಿದೆವು. ಕಿಟಕಿಯ ಕೆಳಗಿನ ಮರ ಮೆತ್ತಗಾಗಿದೆ, ಅದನ್ನು ಬದಲಿಸಿಕೊಡಬೇಕು ಎಂಬ ಸಾಲೂ ಈ ಸಲ ಅದರಲ್ಲಿದೆ.